ಹಳ್ಳಿಮನೆಗೆ ಹೋಗುವ ಮುನ್ನ, ಮಗಳೇ

ಕೇಂಬ್ರಿಜ್ ಹತ್ತಿರದ ಹಳ್ಳಿಯೊಂದರಲ್ಲಿ ಬಾಡಿಗೆ ಮನೆ ಗೊತ್ತಾಯಿತು ಎಂದು ತಿಳಿದು ಸಂತೋಷವಾಯಿತು. ಪೇಟೆಯೊಳಗಿನ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಳಿಯಂದಿರು ಆಡೆನ್‌ಬ್ರೂಕ್ಸ್ ಆಸ್ಪತ್ರೆಗೆ ಕಾರಿನಲ್ಲಿ ಹೋಗಿಬರಬಹುದು, ಮಗುವಿಗೆ ಆಡಲು ಜಾಗ ಸಿಕ್ಕಿತು. ಆದರೆ ಅವರು ಬೆಳಗ್ಗೆ ಕಾರು ತೆಗೆದುಕೊಂಡು ಹೋದ ಮೇಲೆ ಆ ಊರಿನಲ್ಲಿ ಇಡೀ ದಿನ ಇರುವವಳು ನೀನು. ಈ ಸೀಮೆಯಲ್ಲಿ ಬಹಳ ವರ್ಷ ಬಾಳಿದ ನಿನ್ನ ಅತ್ತೆಯ ನಾಲ್ಕು ಮಾತು ಕೇಳಿಸಿಕೋ.

ಮೊದಲು ಓಡಾಟ. ಕೇಂಬ್ರಿಜ್ ಸುತ್ತಿನ ಹಳ್ಳಿಗಳೆಲ್ಲ ಒಂದೇ ಥರ ಇಲ್ಲ. ಗ್ರಾಂಟ್‌ಚೆಸ್ಟರ್‌ನವರು ನದಿ ಬದಿಯ ಹುಲ್ಲುಗಾವಲಿನಲ್ಲಿ ನಡೆದೇ ಪೇಟೆ ಸೇರುತ್ತಾರೆ. ಗ್ರೇಟ್ ಶೆಲ್ಫರ್ಡ್‌ಗೆ ರೈಲಿದೆ. ಹಿಸ್ಟನ್ ಕಡೆಯವರಿಗೆ ಹಳೆಯ ರೈಲುದಾರಿಯ ಜಾಗದಲ್ಲೇ 2011ರಲ್ಲಿ ಬಸ್ಸಿಗೆಂದು ಪ್ರತ್ಯೇಕ ಹಾದಿ ಶುರುವಾಯಿತು. ನಿನ್ನ ಊರಿಗೆ ಈ ಯಾವ ಭಾಗ್ಯವೂ ಇಲ್ಲ. ವೇಳಾಪಟ್ಟಿ ತೆಗೆದು ಪೇಟೆಯಿಂದ ಹೊರಡುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಭಾನುವಾರ ಬಸ್ಸು ಉಂಟೋ ಇಲ್ಲವೋ, ಇವೆರಡನ್ನು ಮೊದಲು ನೋಡಿಕೋ. ಎಷ್ಟೋ ಹಳ್ಳಿಗಳಿಗೆ ಭಾನುವಾರ ಬಸ್ಸೇ ಬರುವುದಿಲ್ಲ.

ಹಾಗಾಗಿ ಕಾರು ಓಡಿಸುವುದು ನಿನಗೆ ಅಕ್ಕಿಬೇಳೆಯಷ್ಟೇ ಅಗತ್ಯ. ನಿನ್ನ ಭಾರತದ ಲೈಸೆನ್ಸು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಅದನ್ನು ಕೊಟ್ಟು ಇಲ್ಲಿಯದನ್ನು ಪಡೆಯುವ ಸೌಲಭ್ಯ ನಮಗಿಲ್ಲ. ಪ್ರಾವಿಷನಲ್ ಲೈಸೆನ್ಸು ತೆಗೆದು, ಥಿಯರಿ ಪರೀಕ್ಷೆ ಬರೆದು, ಆಮೇಲೆ ರೋಡ್ ಟೆಸ್ಟ್ ಪಾಸು ಮಾಡಬೇಕು. ಟೆಸ್ಟಿಗೆ ದಿನ ಸಿಗಲು ತಿಂಗಳುಗಟ್ಟಲೆ ಕಾಯಿಸುತ್ತಾರೆ, ಆದ್ದರಿಂದ ಈ ವಾರವೇ ಪ್ರಾವಿಷನಲ್‌ಗೆ ಅರ್ಜಿ ಹಾಕು. ಹಳ್ಳಿ ದಾರಿಯಲ್ಲಿ ಬಿಳಿ ವೃತ್ತಕ್ಕೆ ಕಪ್ಪು ಓರೆಗೆರೆ ಎಳೆದ ಫಲಕ ಕಂಡರೆ ಗಂಟೆಗೆ 60 ಮೈಲಿವರೆಗೆ ಹೋಗಬಹುದು ಎಂದರ್ಥ. ಕಾನೂನು ಬಿಟ್ಟರೂ ನೀನು ಹೋಗಬೇಡ. ಎರಡೂ ಕಡೆ ಆಳೆತ್ತರದ ಬೇಲಿ, ತಿರುವಿನಾಚೆ ಟ್ರ್ಯಾಕ್ಟರು ಬರುತ್ತಿದೆಯೋ ಕುದುರೆ ಬರುತ್ತಿದೆಯೋ ಕಾಣುವುದಿಲ್ಲ.

ಮನೆ ಹಿಂದೆ ದೊಡ್ಡ ಹಸಿರು ಪ್ಲಾಸ್ಟಿಕ್ ಟ್ಯಾಂಕ್ ಇದೆ ಎಂದೆಯಲ್ಲ, ಅದು ಬಾಯ್ಲರಿನ ಎಣ್ಣೆಯದು. ಗ್ಯಾಸ್ ಪೈಪು ಬಾರದ ಹಳ್ಳಿಗಳಲ್ಲಿ ಮನೆ ಬೆಚ್ಚಗಾಗುವುದೂ ಸ್ನಾನಕ್ಕೆ ನೀರು ಕಾಯುವುದೂ ಅದರಿಂದಲೇ. ನಮ್ಮ ಸೀಮೆಎಣ್ಣೆಯದೇ ಜಾತಿ. ಗ್ಯಾಸು, ಕರೆಂಟಿಗೆ ಇರುವ ದರಮಿತಿ ಈ ಎಣ್ಣೆಗಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಕೆಲವೇ ವಾರಗಳಲ್ಲಿ ಇದರ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಟ್ಯಾಂಕರಿನವರು ಸಾಮಾನ್ಯವಾಗಿ 500 ಲೀಟರಿಗೆ ಕಡಿಮೆ ಹಾಕುವುದಿಲ್ಲ, ಒಮ್ಮೆಲೇ ದೊಡ್ಡ ದುಡ್ಡು ಬೇಕು. ಚಳಿ ಬಂದ ಮೇಲೆ ಪರದಾಡುವ ಬದಲು ಬೇಸಿಗೆಯಲ್ಲೇ ತುಂಬಿಸಿಡು. ಬಹಳ ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಒಟ್ಟಿಗೆ ಆರ್ಡರ್ ಕೊಟ್ಟು ದರ ಇಳಿಸಿಕೊಳ್ಳುತ್ತಾರೆ. ನಿಮ್ಮಲ್ಲೂ ಅಂಥ ಗುಂಪು ಇದೆಯೇ ಎಂದು ಪಕ್ಕದ ಮನೆಯವರನ್ನು ಕೇಳು. ಪರಿಚಯಕ್ಕೂ ಅದು ಒಳ್ಳೆಯ ನೆಪ. ಊರಿಗೆ ಒಳಚರಂಡಿ ಇಲ್ಲದೆ ಮನೆಗೆ ಸೆಪ್ಟಿಕ್ ಟ್ಯಾಂಕ್ ಇದ್ದರೆ, ಕರಿದ ಎಣ್ಣೆಯನ್ನು ಅಪ್ಪಿತಪ್ಪಿಯೂ ಸಿಂಕಿಗೆ ಸುರಿಯಬೇಡ.

ಬಂದ ವಾರವೇ ಡಾಕ್ಟರ ಸರ್ಜರಿಯಲ್ಲಿ, ಅಂದರೆ ಕ್ಲಿನಿಕ್ಕಿನಲ್ಲಿ, ಮೂವರ ಹೆಸರೂ ಬರೆಸು. ಔಷಧಿ ಅಂಗಡಿ ಒಂದು ಮೈಲಿಗಿಂತ ದೂರವಿರುವ ಹಳ್ಳಿಗರಿಗೆ ಕೆಲವು ಸರ್ಜರಿಗಳು ತಾವೇ ಔಷಧಿ ಕೊಡುತ್ತವೆ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಜೂನ್ ತಿಂಗಳಲ್ಲಿ ಅಲ್ಲಿನ ಮೌನ ನಿನಗೆ ಸ್ವರ್ಗ ಎನ್ನಿಸುತ್ತದೆ. ನವೆಂಬರಿನಲ್ಲಿ ಅದೇ ಮೌನ ಎದೆಯ ಮೇಲೆ ಕೂರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗಿ, ಬೀದಿದೀಪವಿಲ್ಲದ ದಾರಿಯಲ್ಲಿ ಕಾಲಿಡಲು ಟಾರ್ಚ್ ಬೇಕಾಗುತ್ತದೆ. ಊರಿಗೆ ವೀಡಿಯೊ ಕಾಲ್ ಮಾಡೋಣವೆಂದರೆ ಅಲ್ಲಿ ಅಪ್ಪ ಅಮ್ಮ ಮಲಗುವ ಹೊತ್ತು. ಆಗ ಕೈಹಿಡಿಯುವವರು ಅಕ್ಕಪಕ್ಕದವರೇ. ಅವರು ತಾವಾಗಿ ಬಂದು ಬಾಗಿಲು ಬಡಿಯುವುದು ಕಡಿಮೆ. ಅದನ್ನು ತಾತ್ಸಾರ ಎಂದುಕೊಳ್ಳಬೇಡ, ನಿನಗೆ ತೊಂದರೆ ಕೊಡಬಾರದೆಂಬ ಸಂಕೋಚ ಅದು. ಮೊದಲ ಹೆಜ್ಜೆ ನೀನೇ ಇಡು. ಕೋಡುಬಳೆ ಮಾಡಿದ ದಿನ ಒಂದು ತಟ್ಟೆ ಪಕ್ಕದ ಮನೆಗೆ ಕೊಡು, ಅದರಲ್ಲಿ ಎಳ್ಳು, ಶೇಂಗಾ ಏನಿದೆ ಎಂದು ಬಾಯಿಬಿಟ್ಟು ಹೇಳು. ಅಲರ್ಜಿಯ ವಿಷಯದಲ್ಲಿ ಇಲ್ಲಿಯವರು ಬಹಳ ಎಚ್ಚರ. ಊರ ಸಭಾಭವನದಲ್ಲಿ ಚಿಕ್ಕ ಮಕ್ಕಳ ಗುಂಪು ಸೇರುತ್ತಿದ್ದರೆ ಮಗುವನ್ನು ಕರೆದುಕೊಂಡು ಹೋಗು. ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಹೆಂಗಸರ ಸಂಘ ಈ ದೇಶದಲ್ಲಿ 1915ರಿಂದ ನಡೆಯುತ್ತಿದೆ. ಅಜ್ಜಿಯರ ಕೂಟ ಎಂದು ದೂರ ನಿಲ್ಲಬೇಡ, ಆ ಅಜ್ಜಿಯರಿಗೆ ಊರಿನ ಸಮಸ್ತವೂ ಗೊತ್ತು.

ನಡೆಯುವ ಅಭ್ಯಾಸ ಮಾಡು. ಹಳದಿ ಬಾಣ ಹಚ್ಚಿದ ಕಾಲುದಾರಿ ಹೊಲದ ನಡುವೆ ಹೋದರೂ ಅದರಲ್ಲಿ ನಡೆಯುವ ಹಕ್ಕು ನಿನಗಿದೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚು, ತೆರೆದಿಟ್ಟಿದ್ದರೆ ಹಾಗೇ ಬಿಡು, ಕುರಿಗಳಿಗೆ ನೀರಿನ ದಾರಿ ಅದೇ ಇರಬಹುದು. ತೋಟದ ಗೇಟಿನ ಪಕ್ಕ ಮೊಟ್ಟೆಯ ಟ್ರೇ, ಅದರ ಪಕ್ಕ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ, ಕಾಯುವವರು ಯಾರೂ ಇರುವುದಿಲ್ಲ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡೇ ಹೊರಡು.

ಕರಿಬೇವು, ತೊಗರಿಬೇಳೆಗೆ ಕೇಂಬ್ರಿಜ್‌ನ ಮಿಲ್ ರೋಡ್ ಇದೆ. ಹಾಲು, ಬ್ರೆಡ್ಡು, ಅಂಚೆಚೀಟಿಯನ್ನಾದರೂ ಹಳ್ಳಿಯ ಅಂಗಡಿಯಲ್ಲೇ ಕೊಳ್ಳು. ನಾಲ್ಕು ಪೆನ್ಸು ಹೆಚ್ಚಾದೀತು, ಆಗಲಿ. ಎಲ್ಲರೂ ಕಾರು ಹತ್ತಿ ಸೂಪರ್ ಮಾರ್ಕೆಟ್ಟಿಗೆ ಹೋದ ಹಳ್ಳಿಗಳಲ್ಲಿ ಮೊದಲು ಅಂಗಡಿ ಮುಚ್ಚಿತು, ಆಮೇಲೆ ಬಸ್ಸು ನಿಂತಿತು. ಕಾರಿಲ್ಲದ ಮುದುಕರ ಗತಿ ಏನಾಯಿತೆಂದು ನಾನು ನೋಡಿದ್ದೇನೆ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಊರವರು ಮುಂಚೆಯೇ ಪಟ್ಟಿಗೆ ಸೇರಿಸಿಟ್ಟ ಅಂಗಡಿಯೋ ಪಬ್ಬೋ ಮಾರಾಟಕ್ಕೆ ಬಂದರೆ, ಅದನ್ನು ಕೊಳ್ಳಲು ಅವರಿಗೆ ಆರು ತಿಂಗಳ ಅವಕಾಶ ಕೊಡುವ ಕಾನೂನು 2011ರಲ್ಲಿ ಬಂದಿದೆ. ಅಂಥ ಚಂದಾ ಎತ್ತುವ ದಿನ ಬಂದರೆ ನಿನ್ನ ಪಾಲೂ ಇರಲಿ.

ಕಡೆಯದು ನಮ್ಮವರಲ್ಲಿ ಬಹಳ ಜನಕ್ಕೆ ತಿಳಿಯದ್ದು. 1894ರ ಕಾನೂನಿನಿಂದ ಹುಟ್ಟಿದ ಪ್ಯಾರಿಷ್ ಕೌನ್ಸಿಲ್ ಇಲ್ಲಿಯ ಗ್ರಾಮ ಪಂಚಾಯಿತಿ ಇದ್ದಂತೆ. ಮಕ್ಕಳ ಆಟದ ಮೈದಾನ, ತರಕಾರಿ ಬೆಳೆಯಲು ಕೊಡುವ ತುಂಡು ಭೂಮಿ, ಹೊಸ ಕಟ್ಟಡದ ಬಗ್ಗೆ ಅಭಿಪ್ರಾಯ, ಇಂಥವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಸಭೆಗೆ ಮೂರು ದಿನ ಮೊದಲೇ ನೋಟಿಸು ಹಾಕಬೇಕು, ಯಾರು ಬೇಕಾದರೂ ಹೋಗಿ ಕೂರಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಇಲ್ಲಿ ವಾಸಿಸಲು ವೀಸಾ ಇರುವ ನಿನಗೆ ಬ್ರಿಟಿಷ್ ಪೌರತ್ವ ಇಲ್ಲದಿದ್ದರೂ ಮತದ ಹಕ್ಕಿದೆ, ಪ್ಯಾರಿಷ್ ಚುನಾವಣೆಯಿಂದ ಪಾರ್ಲಿಮೆಂಟಿನವರೆಗೂ. ಪೆಟ್ಟಿಗೆ ಬಿಚ್ಚಿ ಮುಗಿಸಿದ ಮೇಲೆ ನೀನೂ ಅಳಿಯಂದಿರೂ ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಮುಂದಿನ ಸಭೆಗೆ ಹೋಗಿ ಬನ್ನಿ.