ಹಿಮದ ಮೇಲಿನ ಹಾದಿ

ಕೆನಡಾ ದೇಶದ ರಾಜಧಾನಿ ಆಟವಾ ನಗರ. ನಗರದ ಅಂಚಿನಲ್ಲಿ ಹರಿಯುವ ಅದೇ ಹೆಸರಿನ ನದಿಯನ್ನು ದಾಟಿದರೆ ಕ್ವೆಬೆಕ್ ಪ್ರಾಂತ್ಯ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಗ್ಯಾಟಿನೋ ಬೆಟ್ಟಗಳು ಏಳುತ್ತವೆ. 1938ರಲ್ಲಿ ಈ ಬೆಟ್ಟಗಳ ನಡುವೆ ಸ್ಥಾಪಿತವಾದ ಗ್ಯಾಟಿನೋ ಉದ್ಯಾನ ಇಂದು ಸುಮಾರು 361 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾಗಿದೆ. ಉದ್ಯಾನವೆಂದೊಡನೆ ಹೂವಿನ ಪಾತಿಯೂ ಕಾರಂಜಿಯೂ ಕಣ್ಣಿಗೆ ಕಟ್ಟುವುದು ಸಹಜ. ಇದು ಅಂಥದಲ್ಲ. ಮೇಪಲ್, ಬೀಚ್, ಓಕ್, ಪೈನ್ ಮರಗಳು ಒತ್ತಾಗಿ ಬೆಳೆದ ಕಾಡು ಇದು. ಇಲ್ಲಿಯ ತೊರೆಗಳಿಗೆ ಬೀವರ್ ಎಂಬ ಪ್ರಾಣಿಗಳು ಕಟ್ಟಿದ ಒಡ್ಡುಗಳಿವೆ. ತೋಳವೂ ಕರಡಿಯೂ ಇಲ್ಲಿ ಬಾಳುತ್ತವೆ.

ಡಿಸೆಂಬರಿನಿಂದ ಮಾರ್ಚಿಯವರೆಗೆ ಈ ಕಾಡು ಬಹುಮಟ್ಟಿಗೆ ಹಿಮದಡಿಯಲ್ಲಿರುತ್ತದೆ. ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೆಲವು ರಾತ್ರಿಗಳಲ್ಲಿ ಅದು 25 ಡಿಗ್ರಿಗಳಷ್ಟು ಕೆಳಕ್ಕೆ ಇಳಿಯುವುದೂ ಉಂಟು. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಎರಡು ಮೀಟರಿನಷ್ಟಾಗುತ್ತದೆ. ಇಂಥ ಕಾಲದಲ್ಲಿ ಬಾಗಿಲು ಮುಚ್ಚಿ ಬೆಂಕಿಯ ಮುಂದೆ ಕುಳಿತಿರುವುದೇ ಲೇಸೆಂದು ಬೆಚ್ಚನೆಯ ನಾಡಿನವರಿಗೆ ತೋರಬಹುದು. ಆದರೆ ಅಲ್ಲಿಯ ಜನ ಎಳೆಯರು, ಮುದುಕರು ಎನ್ನದೆ ಬಿಡುವು ದೊರೆತೊಡನೆ ಈ ಕಾಡಿಗೆ ಹೊರಡುತ್ತಾರೆ. ಅವರು ಕಾಲಿಗೆ ಕಟ್ಟಿಕೊಳ್ಳುವ ಒಂದು ವಿಚಿತ್ರ ಪಾದರಕ್ಷೆಯೇ ಈ ತಿರುಗಾಟವನ್ನು ಸಾಧ್ಯವಾಗಿಸಿದೆ. ಇಂಗ್ಲಿಷಿನಲ್ಲಿ ಅದನ್ನು ಸ್ನೋಷೂ ಎನ್ನುತ್ತಾರೆ; ಕನ್ನಡದಲ್ಲಿ ಹಿಮಪಾದುಕೆ ಎಂದರೆ ಸಲ್ಲುತ್ತದೆ.

ಹೊಸದಾಗಿ ಬಿದ್ದ ಹಿಮ ದೂರದಿಂದ ನೋಡುವವರಿಗೆ ಸುಣ್ಣ ಬಳಿದ ನೆಲದಂತೆ ಗಟ್ಟಿಯಾಗಿ ಕಾಣುತ್ತದೆ. ವಾಸ್ತವದಲ್ಲಿ ಅದರ ಬಹುಪಾಲು ಗಾಳಿಯೇ. ಹತ್ತು ಸೆಂಟಿಮೀಟರ್ ದಪ್ಪದ ಹೊಸ ಹಿಮವನ್ನು ಕರಗಿಸಿದರೆ ದೊರೆಯುವ ನೀರು ಸುಮಾರು ಒಂದೇ ಸೆಂಟಿಮೀಟರ್. ಇಂಥ ಹಿಮದ ಮೇಲೆ ಬರಿಯ ಬೂಟುಗಾಲನ್ನಿಟ್ಟರೆ ಮೊಣಕಾಲಿನವರೆಗೂ, ಕೆಲವೊಮ್ಮೆ ತೊಡೆಯವರೆಗೂ ಕಾಲು ಹೂತುಹೋಗುತ್ತದೆ. ನಾಟಿಗೆ ಹದಮಾಡಿದ ಕೆಸರುಗದ್ದೆಯಲ್ಲಿ ನಡೆದವರಿಗೆ ಈ ಕಷ್ಟವೇನೆಂದು ವಿವರಿಸಬೇಕಾಗಿಲ್ಲ. ಹೂತ ಕಾಲನ್ನು ಕಿತ್ತು ಮತ್ತೆ ಊರಿ, ಮತ್ತೆ ಕಿತ್ತು, ಒಂದು ಫರ್ಲಾಂಗು ಸಾಗುವಷ್ಟರಲ್ಲಿ ಮನುಷ್ಯ ಬಸವಳಿಯುತ್ತಾನೆ. ಅದೇ ಕೆಸರಿನ ಮೇಲೆ ಅಗಲವಾದ ಹಲಗೆಯೊಂದನ್ನು ಹಾಸಿ ನಿಂತರೆ ಕಾಲು ಅಷ್ಟಾಗಿ ಇಳಿಯುವುದಿಲ್ಲ. ಹಿಮಪಾದುಕೆಯ ಗುಟ್ಟೂ ಇಷ್ಟೇ. ಅರವತ್ತು ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬ ಒಂದು ಕಾಲಿನ ಮೇಲೆ ಭಾರ ಬಿಟ್ಟಾಗ, ಅವನ ಬೂಟಿನ ಅಟ್ಟೆ 240 ಚದರ ಸೆಂಟಿಮೀಟರ್ ಇದ್ದರೆ, ಒಂದೊಂದು ಚದರ ಸೆಂಟಿಮೀಟರಿನ ಮೇಲೂ 250 ಗ್ರಾಂ ಭಾರ ಬೀಳುತ್ತದೆ. ಅದೇ ವ್ಯಕ್ತಿ 1500 ಚದರ ಸೆಂಟಿಮೀಟರ್ ವಿಸ್ತಾರದ ಹಿಮಪಾದುಕೆಯನ್ನು ಕಟ್ಟಿಕೊಂಡರೆ ಆ ಭಾರ ಕೇವಲ 40 ಗ್ರಾಂಗೆ ಇಳಿಯುತ್ತದೆ. ಅವನ ತೂಕವೇನೂ ಕಡಿಮೆಯಾಗಲಿಲ್ಲ. ಹೆಚ್ಚು ಜಾಗಕ್ಕೆ ಹಂಚಿಹೋಯಿತು. ಆಗ ಕಾಲು ಒಂದು ಗೇಣಿಗಿಂತ ಆಳಕ್ಕೆ ಇಳಿಯದೆ ನಿಲ್ಲುತ್ತದೆ.

ಈ ಉಪಾಯವನ್ನು ಕಂಡುಕೊಂಡವರು ಪ್ರಯೋಗಶಾಲೆಯ ವಿಜ್ಞಾನಿಗಳಲ್ಲ. ಗ್ಯಾಟಿನೋ ಬೆಟ್ಟಗಳ ಸುತ್ತಣ ನೆಲ ಆಲ್ಗಾಂಕ್ವಿನ್ ಎಂಬ ಮೂಲನಿವಾಸಿಗಳದು. ಅವರೂ ಅವರ ನೆರೆಹೊರೆಯ ಇತರ ಮೂಲನಿವಾಸಿಗಳೂ ಯೂರೋಪಿಯನ್ನರು ಬರುವುದಕ್ಕೆ ಬಹು ಹಿಂದಿನಿಂದಲೇ ಹಿಮಪಾದುಕೆ ಮಾಡುವುದರಲ್ಲಿ ನಿಪುಣರಾಗಿದ್ದರು. ಆಷ್ ಅಥವಾ ಬರ್ಚ್ ಮರದ ಉದ್ದನೆಯ ಸೀಳನ್ನು ಹಬೆಯಲ್ಲಿ ಮೆತ್ತಗಾಗಿಸಿ ಬಾಗಿಸಿ ಚೌಕಟ್ಟು ಮಾಡುತ್ತಿದ್ದರು. ಮೂಸ್ ಎಂಬ ಭಾರಿ ಗಾತ್ರದ ಜಿಂಕೆಯ ಅಥವಾ ಕ್ಯಾರಿಬೂವಿನ ಹಸಿದೊಗಲನ್ನು ಸಣ್ಣ ಪಟ್ಟಿಗಳಾಗಿ ಕೊಯ್ದು ಆ ಚೌಕಟ್ಟಿನೊಳಗೆ ಬಲೆಯಂತೆ ಹೆಣೆಯುತ್ತಿದ್ದರು. ಒಣಗಿದ ಮೇಲೆ ಈ ಹೆಣಿಗೆ ಬಿಗಿದು ನಿಲ್ಲುತ್ತಿತ್ತು. ಹೆಣಿಗೆಯ ಕೆಲಸ ಹೆಚ್ಚಾಗಿ ಹೆಂಗಸರ ಕೈಯದು. ನಾಡು ನಾಡಿಗೂ ಪಾದುಕೆಯ ಆಕಾರ ಬೇರೆ. ಮರಗಳು ದಟ್ಟವಾಗಿರುವ ಕಡೆ ತಿರುಗಲು ಅನುಕೂಲವಾಗುವಂತೆ ಕರಡಿಯ ಅಂಗಾಲಿನ ಹಾಗೆ ಗಿಡ್ಡಗೆ ದುಂಡಗೆ. ಬಯಲು ಹೆಚ್ಚಾಗಿರುವ ಕಡೆ ನೀಳವಾಗಿ. ಹದಿನೇಳನೆಯ ಶತಮಾನದ ಆದಿಯಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಅನ್ವೇಷಕ ಸಾಮ್ಯುಯೆಲ್ ದ ಷಾಂಪ್ಲೇನ್ ಈ ಪಾದುಕೆಗಳನ್ನು ಕುರಿತು ಬರೆದಿಟ್ಟಿದ್ದಾನೆ. ಚೆಂಡಾಟದ ಬ್ಯಾಟಿಗೆ ಫ್ರೆಂಚರು ಬಳಸುವ ರಾಕೆಟ್ ಎಂಬ ಹೆಸರೇ ಇದಕ್ಕೂ ನಿಂತಿತು. ಬೇಟೆ, ತುಪ್ಪುಳದ ವ್ಯಾಪಾರ, ಯುದ್ಧ ಎಲ್ಲಕ್ಕೂ ಹೊಸಬರು ಈ ಪಾದುಕೆಯನ್ನೇ ನಂಬಬೇಕಾಯಿತು. 1840ರ ದಶಕದಲ್ಲಿ ಮಾಂಟ್ರಿಯಲ್ ನಗರದಲ್ಲಿ ಹಿಮಪಾದುಕೆಯ ಸಂಘವೊಂದು ಹುಟ್ಟಿ, ಬದುಕಿನ ಅಗತ್ಯವಾಗಿದ್ದುದು ವಿನೋದವೂ ಆಯಿತು. ಈಗಿನವು ಹೆಚ್ಚಾಗಿ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನವು. ಜಾರದಿರಲೆಂದು ಅಡಿಯಲ್ಲಿ ಲೋಹದ ಹಲ್ಲುಗಳಿರುತ್ತವೆ. ಹಗುರವೂ ಹೌದು, ಬಾಳಿಕೆಯೂ ಹೌದು. ಆದರೂ ತೊಗಲಿನ ಹೆಣಿಗೆಯ ಹಳೆಯ ಜೋಡಿಯನ್ನು ಗೋಡೆಯ ಮೇಲೆ ಕಂಡವರಿಗೆ ಚೆಲುವು ಯಾವುದರಲ್ಲಿದೆ ಎಂಬುದು ತಿಳಿಯುತ್ತದೆ.

ಮನುಷ್ಯ ಇದನ್ನು ಕಲಿತದ್ದು ಯಾರಿಂದ ಎಂದು ಹೇಳುವುದು ಕಷ್ಟ. ಆದರೆ ಅವನ ಕಣ್ಣೆದುರಿಗೆ ಗುರುಗಳಿಗೇನೂ ಕೊರತೆಯಿರಲಿಲ್ಲ. ಅಲ್ಲಿಯ ಮೊಲವೊಂದಕ್ಕೆ ಹಿಮಪಾದುಕೆಯ ಮೊಲವೆಂದೇ ಹೆಸರು. ಅದರ ಹಿಂಗಾಲುಗಳು ಮೈಗೆ ಮೀರಿದಷ್ಟು ದೊಡ್ಡವು, ಅಗಲವಾದವು, ರೋಮದಿಂದ ತುಂಬಿದವು. ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿಗೆ ಶರತ್ಕಾಲದಲ್ಲಿ ಕಾಲ್ಬೆರಳುಗಳ ಇಕ್ಕೆಲಗಳಲ್ಲಿಯೂ ಬಾಚಣಿಗೆಯ ಹಲ್ಲಿನಂಥ ಪೊರೆಗಳು ಮೂಡುತ್ತವೆ. ವಸಂತದಲ್ಲಿ ಅವು ತಾವಾಗಿಯೇ ಉದುರಿಹೋಗುತ್ತವೆ. ಇದೇ ಹಕ್ಕಿ ಕಡುಚಳಿಯ ರಾತ್ರಿಗಳಲ್ಲಿ ಮೆತ್ತನೆಯ ಹಿಮದೊಳಕ್ಕೆ ಧುಮುಕಿ ಅಲ್ಲಿಯೇ ಮಲಗುತ್ತದೆ. ಚಳಿಗೆ ಕಾರಣವೆಂದು ಕಾಣುವ ಹಿಮದೊಳಗೆ ಚಳಿಯಿಂದ ರಕ್ಷಣೆ! ಹಿಮದ ಹರಳುಗಳ ನಡುವೆ ಸಿಕ್ಕಿದ ಗಾಳಿ ಉಣ್ಣೆಯ ಕಂಬಳಿಯಂತೆ ಶಾಖವನ್ನು ತಡೆದು ಹಿಡಿಯುತ್ತದೆ. ಮೇಲಿನ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಆಳವಾದ ಹಿಮದ ಬುಡದಲ್ಲಿ ನೆಲದ ಉಷ್ಣತೆ ಸೊನ್ನೆಗೆ ಹತ್ತಿರವಾಗಿಯೇ ಉಳಿಯುತ್ತದೆ. ಆ ಸಂದಿನಲ್ಲಿ ಇಲಿಗಳೂ ಸುಂಡಿಲಿಗಳೂ ಸುರಂಗ ತೋಡಿಕೊಂಡು ಚಳಿಗಾಲವನ್ನು ಕಳೆಯುತ್ತವೆ. ಪಾದುಕೆ ಕಟ್ಟಿ ಮೇಲೆ ನಡೆಯುವವರಿಗೆ ತಮ್ಮ ಕಾಲಡಿಯ ಈ ಸಂಸಾರದ ಸುಳಿವೇ ಸಿಗುವುದಿಲ್ಲ.

ಹಿಮ ಕಡಿಮೆಯಾದರೆ ಈ ಜೀವಿಗಳ ಪಾಡು ಕಷ್ಟ. ಆ ಮೊಲದ ಕಂದು ತುಪ್ಪುಳ ಚಳಿಗಾಲದಲ್ಲಿ ಬೆಳ್ಳಗಾಗುವುದು ಹಿಮವನ್ನು ನೋಡಿಯಲ್ಲ, ಹಗಲು ಕಿರಿದಾಗುವುದನ್ನು ಅನುಸರಿಸಿ. ಹಿಮ ತಡವಾಗಿ ಬಿದ್ದರೆ ಕಂದು ನೆಲದ ಮೇಲೆ ಬಿಳಿಯ ಮೊಲ ವೈರಿಗಳ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇದು ಬರಿಯ ಊಹೆಯ ಮಾತಲ್ಲ. ಆಟವಾ ನಗರದ ನಡುವೆ ಹಾಯುವ ರಿಡೋ ಕಾಲುವೆಯ ಮೇಲೆ 1970ರ ದಶಕದ ಆರಂಭದಿಂದ ಪ್ರತಿ ಚಳಿಗಾಲವೂ ಜನ ಮಂಜುಗಡ್ಡೆಯ ಮೇಲೆ ಜಾರುತ್ತಾ ಬಂದಿದ್ದರು. 2022-23ರ ಚಳಿಗಾಲದಲ್ಲಿ ಮಂಜುಗಡ್ಡೆ ಸಾಕಷ್ಟು ದಪ್ಪವಾಗದೆ ಮೊಟ್ಟಮೊದಲ ಬಾರಿಗೆ ಆ ಹಾದಿ ತೆರೆಯಲೇ ಇಲ್ಲ.

ಗ್ಯಾಟಿನೋ ಕಾಡಿನಲ್ಲಿ ಹಿಮಪಾದುಕೆಯವರಿಗೆಂದೇ ಗುರುತು ಮಾಡಿದ ಹಾದಿಗಳಿವೆ. ಹೊರಟ ಕಡೆಗೇ ಬಂದು ಸೇರುವ ಸುತ್ತುಹಾದಿಗಳೂ ಅವುಗಳಲ್ಲಿ ಉಂಟು. ಸ್ಕೀ ಹಲಗೆಗಳ ಮೇಲೆ ಜಾರುವವರ ಹಾದಿಯೇ ಬೇರೆ. ಅವರಿಗಾಗಿ ನೇರ್ಪುಗೊಳಿಸಿದ ಗೆರೆಗಳನ್ನು ಪಾದುಕೆಯವರು ತುಳಿದು ಕೆಡಿಸುವುದು ಅಸಭ್ಯವೆನಿಸುತ್ತದೆ. ಹಾದಿಗಳ ನಡುನಡುವೆ ಕೀಯೋಗನ್, ಹ್ಯೂರನ್, ವೆಸ್ಟರ್ನ್ ಮೊದಲಾದ ಹೆಸರಿನ ತಂಗುಮನೆಗಳಿವೆ. ಒಳಗೆ ಕೆಲವು ಮೇಜುಗಳು, ಬೆಂಚುಗಳು, ಕಟ್ಟಿಗೆ ಉರಿಯುವ ಕಬ್ಬಿಣದ ಒಲೆ. ಇಷ್ಟೇ ಸಲಕರಣೆ. ಆದರೆ ಮೂಗಿನ ತುದಿಯ ಸ್ಪರ್ಶಜ್ಞಾನವೇ ಹೋದವನಿಗೆ ದೂರದಲ್ಲಿ ಕಾಣುವ ಆ ಹೊಗೆಯ ಎಳೆ ಅರಮನೆಯ ದೀಪಕ್ಕಿಂತ ಮಿಗಿಲು.

ಇಂಥ ಹಾದಿಯಲ್ಲಿ ಒಂದು ದಿನ ಹೇಗೆ ಕಳೆಯಬಹುದೆಂದು ಊಹಿಸಿಕೊಳ್ಳಬಹುದು. ಡಿಸೆಂಬರಿನ ಕೊನೆಯ ವಾರ. ಆರು ಮಂದಿ ಮಕ್ಕಳು, ಇಬ್ಬರು ಹಿರಿಯರು. ಹ್ಯೂರನ್ ಮನೆಯ ಬಳಿ ಹಾದು, ಆಟವಾ ನದಿಯ ಬಯಲೆಲ್ಲ ಕಾಣುವ ವೆಸ್ಟರ್ನ್ ಮನೆಯವರೆಗೆ ಹೋಗಿ ಸುತ್ತಿ ಬರಬೇಕೆಂಬುದು ಅವರ ಉದ್ದೇಶ. ಹಿಂದಿನ ರಾತ್ರಿ ಹಿಮ ಬಿದ್ದು ಹಾದಿ ಮುಚ್ಚಿಹೋಗಿದೆ. ಮುಂದೆ ನಡೆಯುವವನು ಹೊಸ ಹಿಮವನ್ನು ತುಳಿದು ಗಟ್ಟಿ ಮಾಡುತ್ತಾನೆ. ಹಿಂದಿನವರು ಅವನ ಹೆಜ್ಜೆಯಲ್ಲಿಯೇ ಹೆಜ್ಜೆಯಿಡುತ್ತಾರೆ. ಎಲ್ಲರಿಗಿಂತ ಹೆಚ್ಚು ದಣಿಯುವವನು ಅವನೇ. ಆದ್ದರಿಂದ ಐದು ಹತ್ತು ನಿಮಿಷಗಳಿಗೊಮ್ಮೆ ಅವನು ಪಕ್ಕಕ್ಕೆ ಸರಿದು ನಿಂತು, ಸಾಲಿನ ಕೊನೆಯಲ್ಲಿ ಸೇರಿಕೊಳ್ಳುತ್ತಾನೆ, ಎರಡನೆಯವನು ಮೊದಲನೆಯವನಾಗುತ್ತಾನೆ. ಇದು ಬಹು ಹಳೆಯ ಕ್ರಮ.

ಅವರಲ್ಲಿ ಒಬ್ಬ ಹುಡುಗಿಗೆ ಉತ್ಸಾಹ ಹೆಚ್ಚು. ತನ್ನ ಸರದಿ ಮುಗಿದರೂ ಪಕ್ಕಕ್ಕೆ ಸರಿಯದೆ ಮುಂದೆಯೇ ನಡೆಯುತ್ತಾಳೆ. ಮೈ ಬೆವರುತ್ತದೆ. ಒಳಗೆ ತೊಟ್ಟಿರುವ ಹತ್ತಿಯ ಅಂಗಿ ಬೆವರನ್ನು ಹೀರಿ ಒದ್ದೆಯಾಗುತ್ತದೆ. ಚಳಿನಾಡಿನಲ್ಲಿ ಬೆವರಿನಂಥ ಶತ್ರು ಮತ್ತೊಂದಿಲ್ಲ. ಒದ್ದೆಯಾದ ಬಟ್ಟೆ ಮೈಯ ಶಾಖವನ್ನು ಒಣಬಟ್ಟೆಗಿಂತ ಬಹುಬೇಗ ಹೊರಕ್ಕೆ ಸೆಳೆದುಬಿಡುತ್ತದೆ. ಉಣ್ಣೆ ತೊಯ್ದರೂ ಒಂದಿಷ್ಟು ಕಾವನ್ನು ಉಳಿಸಿಕೊಡುತ್ತದೆ, ಹತ್ತಿ ಉಳಿಸುವುದಿಲ್ಲ. ಸಡಿಲವಾದ ಪಾದುಕೆಯ ಪಟ್ಟಿಯನ್ನು ಬಿಗಿಯಲೆಂದು ಅವಳು ಎರಡು ಸಲ ಬಗ್ಗಿದಾಗ ಕೈಗವಸುಗಳೂ ನೆನೆಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ಅಷ್ಟರಲ್ಲಿ ಸಾಲಿನ ಕೊನೆಗೆ ಬಂದಿರುವ ಹುಡುಗಿ ಮಾತು ನಿಲ್ಲಿಸಿದ್ದಾಳೆ. ಹಿರಿಯರಲ್ಲಿ ಒಬ್ಬಾಕೆ ಹಿಂತಿರುಗಿ ನೋಡುತ್ತಾಳೆ. ಹುಡುಗಿ ನಡುಗುತ್ತಿದ್ದಾಳೆ, ಪಾದುಕೆಯ ಮೇಲೆ ಪಾದುಕೆಯಿಟ್ಟು ಎಡವುತ್ತಿದ್ದಾಳೆ. “ಏನಾಯಿತಮ್ಮ?” ಎಂದರೆ, “ನನಗೇನೂ ಆಗಿಲ್ಲ” ಎಂಬ ಉತ್ತರ. ಆದರೆ ಆ ಏಳು ಅಕ್ಷರಗಳೂ ನಾಲಗೆಯ ಮೇಲೆ ತೊಡರಿಕೊಂಡು ಬರುತ್ತವೆ.

ದೇಹದೊಳಗಣ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ಅದರ ಮೊದಲ ಲಕ್ಷಣಗಳು ಇವೇ. ಇದರಲ್ಲಿ ಮೋಸವೆಂದರೆ, ಬುದ್ಧಿಯೂ ಜೊತೆಗೇ ಮಂಕಾಗುವುದರಿಂದ ಅಪಾಯಕ್ಕೆ ಸಿಕ್ಕಿದವರಿಗೆ ಅದರ ಅರಿವಾಗುವುದಿಲ್ಲ. ಪಕ್ಕದವರು ನೋಡಬೇಕು. ಆಕೆ ಅಲ್ಲಿಯೇ ತೀರ್ಮಾನಿಸುತ್ತಾಳೆ: ವೆಸ್ಟರ್ನ್ ಮನೆಗೆ ಇಂದು ಹೋಗುವುದಿಲ್ಲ. ಹುಡುಗರಲ್ಲಿ ಗೊಣಗಾಟ ಏಳುತ್ತದೆ. ಇಷ್ಟು ದೂರ ಬಂದು ನದಿಯ ನೋಟವನ್ನು ಕಾಣದೆ ಮರಳುವುದೇ? ಆಕೆ ಅದಕ್ಕೆ ಕಿವಿಗೊಡುವುದಿಲ್ಲ. ಇನ್ನೊಬ್ಬ ಹಿರಿಯ ತನ್ನ ಚೀಲದಿಂದ ಒಣ ಉಣ್ಣೆಯ ಅಂಗಿಯನ್ನೂ ಕೈಗವಸನ್ನೂ ತೆಗೆಯುತ್ತಾನೆ. ಮರಗಳ ಮರೆಯಲ್ಲಿ ಎಲ್ಲರೂ ಗಾಳಿಗೆ ಅಡ್ಡವಾಗಿ ನಿಂತು, ಆಕೆ ಹುಡುಗಿಯ ಒದ್ದೆ ಬಟ್ಟೆಯನ್ನು ಬದಲಾಯಿಸುತ್ತಾಳೆ. ಬಳಿಕ ತಾವೇ ತುಳಿದು ಮಾಡಿದ ಹಾದಿಯಲ್ಲಿ ಹ್ಯೂರನ್ ಮನೆಗೆ ಹಿಂದಿರುಗುತ್ತಾರೆ.

ಅಲ್ಲಿ ಒಲೆ ಉರಿಯುತ್ತಿರುತ್ತದೆ. ಯಾರು ಹೊತ್ತಿಸಿದ್ದೋ, ಬೆಳಿಗ್ಗೆ ಬಂದವರು ಯಾರೋ. ಒಲೆಯ ಬಳಿ ಕುಳಿತಿದ್ದ ಅಪರಿಚಿತ ವೃದ್ಧ ದಂಪತಿಗಳು ಹುಡುಗಿಯ ಮುಖವನ್ನು ಕಂಡೊಡನೆ ಎದ್ದು ಜಾಗ ಬಿಡುತ್ತಾರೆ. ಬಿಸಿಯಾದ ಸಿಹಿಪಾನೀಯವನ್ನು ಬಟ್ಟಲಿಗೆ ಬಗ್ಗಿಸಿ ಕೊಡುತ್ತಾರೆ. ಸೆಟೆದ ಬೆರಳುಗಳನ್ನು ಉಜ್ಜಲು ಹೋದ ಹುಡುಗನೊಬ್ಬನನ್ನು ಆಕೆ ತಡೆಯುತ್ತಾಳೆ. ಉಜ್ಜಿದರೆ ಚಳಿಗೆ ಮರಗಟ್ಟಿದ ಚರ್ಮ ಹರಿದು ಗಾಯವಾಗುತ್ತದೆ. ಬೆರಳುಗಳು ನಿಧಾನವಾಗಿ ಬೆಚ್ಚಗಾಗಬೇಕು. ಅರ್ಧ ಗಂಟೆ ಕಳೆಯುತ್ತದೆ. ನಡುಕ ನಿಲ್ಲುತ್ತದೆ. ಹುಡುಗಿ ತಲೆಯೆತ್ತಿ, ನದಿ ಕಾಣದೆ ಹೋದದ್ದು ತನ್ನಿಂದ ಎಂದು ಮೆಲ್ಲಗೆ ಹೇಳುತ್ತಾಳೆ. ಆಗ ಗೊಣಗಿದ್ದ ಹುಡುಗರಲ್ಲಿ ಒಬ್ಬ, ನದಿ ಎಲ್ಲಿಗೂ ಓಡಿಹೋಗುವುದಿಲ್ಲವೆಂದು ತನ್ನ ಪಾಲಿನ ರೊಟ್ಟಿಯನ್ನು ಮುರಿದು ಕೊಡುತ್ತಾನೆ.

ಆ ದಿನಗಳಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿಬಿಡುತ್ತಾನೆ. ಎರಡೂವರೆಗೇ ತಂಡ ಹೊರಡಲು ಸಿದ್ಧವಾಗುತ್ತದೆ. ಹೊರಡುವ ಮುನ್ನ ಹುಡುಗಿ ಹೊರಗಿನ ರಾಶಿಯಿಂದ ಕಟ್ಟಿಗೆ ತಂದು, ಹಿಮವನ್ನು ಕೊಡವಿ, ಒಣಗಲೆಂದು ಒಲೆಯಿಂದ ತುಸು ದೂರದಲ್ಲಿ ಒಟ್ಟುತ್ತಾಳೆ. ಎರಡು ಕೊರಡುಗಳನ್ನು ಒಲೆಯೊಳಗೆ ಇಡುತ್ತಾಳೆ. ಬಾಗಿಲು ಮುಚ್ಚಿಕೊಂಡು ಎಂಟು ಜನರೂ ಸಾಲಾಗಿ ಇಳಿಜಾರಿನಲ್ಲಿ ಮರೆಯಾಗುತ್ತಾರೆ. ಈಗ ಅವಳು ನಡುವೆ ನಡೆಯುತ್ತಿದ್ದಾಳೆ. ಹಿಮ ಮತ್ತೆ ಬೀಳತೊಡಗುತ್ತದೆ. ಎದುರಿನಿಂದ ಬೇರೊಂದು ತಂಡ ಹತ್ತಿ ಬರುತ್ತಿದೆ. ಅವರಲ್ಲಿ ಒಬ್ಬ, ಮೇಲೆ ಬೆಂಕಿ ಇದೆಯೇ ಎಂದು ಕೂಗಿ ಕೇಳುತ್ತಾನೆ. ಇದೆಯೆಂದು ಹುಡುಗಿ ಕೈಯೆತ್ತಿ ತೋರುತ್ತಾಳೆ.