ಸಹಿಗೆ ಮುನ್ನ ಲೆಕ್ಕ ಬರೆಸಿ
ಮುಂಬಯಿಯಲ್ಲಿ ವಿಚ್ಛೇದನಕ್ಕೆ ಹೊರಟವರು ಗಮನಿಸಬೇಕಾದ ಸಂಗತಿಗಳು

ಸಂಸಾರ ಮುಲುಂಡಿನಲ್ಲಿ, ಮದುವೆ ನಡೆದದ್ದು ಉಡುಪಿಯಲ್ಲಿ. ಇಂಥ ದಂಪತಿ ಬೇರೆಯಾಗುವಾಗ ‘ಮೊದಲು ಕೋರ್ಟಿನ ಕೆಲಸ ಮುಗಿಯಲಿ, ದುಡ್ಡಿನ ಮಾತು ಆಮೇಲೆ’ ಎನ್ನುವ ಹಿರಿಯರಿದ್ದಾರೆ. ಆ ಮಾತು ಕೇಳಬೇಡಿ. ಬಾಯಿಮಾತಿನ ಒಪ್ಪಂದವನ್ನು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಇಲ್ಲಿದೆ ಕ್ರಮ.

1. ಕೋರ್ಟ್ ಯಾವುದು?
ಮದುವೆಯಾದ ಊರು, ಕೊನೆಗೆ ಜೊತೆಯಲ್ಲಿದ್ದ ಜಾಗ, ಎದುರು ಪಕ್ಷದವರು ಇರುವ ಜಾಗ, ಇವುಗಳಲ್ಲಿ ಎಲ್ಲಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನು ಈಗ ಇರುವ ಊರಲ್ಲೂ ಹಾಕಬಹುದು. ಮುಂಬಯಿ, ಉಪನಗರದವರಿಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಕೌಟುಂಬಿಕ ನ್ಯಾಯಾಲಯ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ಸಹಾಯವಾಣಿ 15100.

2. ಒಮ್ಮತದ ದಾರಿ
ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳ ಕಾಯುವಿಕೆ. ಸೂಕ್ತ ಪ್ರಕರಣದಲ್ಲಿ ಇದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ತೀರ್ಪಿಗೆ ಮುನ್ನ ಒಬ್ಬರು ಒಪ್ಪಿಗೆ ಹಿಂಪಡೆಯಲು ಅವಕಾಶವಿರುವುದರಿಂದ, ಹಣವನ್ನು ಕಂತಾಗಿಸಿ ಕೊನೆಯ ಕಂತನ್ನು ತೀರ್ಪಿನ ದಿನಕ್ಕೆ ಇಡಿ.

3. ಚಿನ್ನ
ತವರಿನವರು, ಅತ್ತೆ ಮನೆಯವರು ಆಕೆಗೆಂದು ಕೊಟ್ಟ ಒಡವೆ ಸ್ತ್ರೀಧನ, ಅದು ಹೆಂಡತಿಯದೇ. ಒಂದು ಹಾಳೆಯಲ್ಲಿ ಕರಿಮಣಿ, ಬಳೆ, ನೆಕ್ಲೆಸ್ ಎಂದು ಒಂದೊಂದಾಗಿ ಬರೆಯಿರಿ. ಪಕ್ಕದಲ್ಲಿ ತೂಕ, ಯಾರು ಕೊಟ್ಟದ್ದು, ಈಗ ಯಾರ ಲಾಕರಿನಲ್ಲಿದೆ ಎಂಬುದಿರಲಿ. ಬಿಲ್ಲು ಇಲ್ಲದಿದ್ದರೆ ಮದುವೆಯ ಆಲ್ಬಂ ಸಾಕ್ಷಿಗೆ ನೆರವಾಗುತ್ತದೆ.

4. ಫ್ಲ್ಯಾಟ್
ಆಸ್ತಿಯನ್ನು ಅರ್ಧರ್ಧ ಹಂಚಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಅಗ್ರಿಮೆಂಟ್ ಯಾರ ಹೆಸರಲ್ಲಿದೆ, ದುಡ್ಡು ಯಾರದು ಎಂಬುದೇ ಮುಖ್ಯ. ಸಾಲ ಇಬ್ಬರ ಹೆಸರಲ್ಲಿದ್ದರೆ, ಮನೆ ಬಿಟ್ಟುಕೊಟ್ಟವರನ್ನೂ ಬ್ಯಾಂಕ್ ಕೇಳುತ್ತದೆ. ಆದ್ದರಿಂದ ಸಾಲದಿಂದ ಹೆಸರು ತೆಗೆಸುವುದು, ನೋಂದಣಿ, ಸೊಸೈಟಿಯ ಶೇರ್ ಸರ್ಟಿಫಿಕೇಟ್ ವರ್ಗಾವಣೆ, ಮೂರಕ್ಕೂ ಗಡುವು ಬರೆಸಿ.

5. ಜೀವನಾಂಶ
2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು. ಪಗಾರದ ಚೀಟಿ, ಪಾಸ್‌ಬುಕ್, ಆದಾಯ ತೆರಿಗೆ ರಿಟರ್ನ್ ಮೊದಲೇ ಜೋಡಿಸಿ. ಒಂದೇ ಗಂಟಿನ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ. ತಿಂಗಳ ಹಣವನ್ನು ಆದಾಯವೆಂದು ಪರಿಗಣಿಸುವುದುಂಟು. ಮಕ್ಕಳ ಫೀಸು, ಆಸ್ಪತ್ರೆ ಖರ್ಚು, ಭೇಟಿಯ ದಿನಗಳನ್ನು ಪ್ರತ್ಯೇಕವಾಗಿ ಬರೆಸಿ. ಮಕ್ಕಳ ಹಕ್ಕನ್ನು ತಾಯಿಯಾಗಲಿ ತಂದೆಯಾಗಲಿ ಬಿಟ್ಟುಕೊಡುವಂತಿಲ್ಲ.

6. ತೀರ್ಪಿನ ನಂತರ
ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಪಿಎಫ್, ವಿಮೆ, ಬ್ಯಾಂಕ್, ಸೊಸೈಟಿಯಲ್ಲಿ ನಾಮಿನಿ ಹೆಸರು ತಾನಾಗಿ ಬದಲಾಗುತ್ತದೆಂದು ನಂಬಿ ಕೂರಬೇಡಿ. ನೀವೇ ಹೋಗಿ ಬದಲಿಸಿ. ಜಂಟಿ ಖಾತೆ ಮುಚ್ಚಿಸಿ, ಹೊಸದಾಗಿ ಉಯಿಲು ಬರೆಯಿರಿ.