ಎಂಜಿನ್ನನ್ನು ಮಗುಚಿ ನೋಡಿ

ಪ್ರಶ್ನೆ: ನಾವು ಮಂಗಳೂರಿನವರು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಹತ್ತು ವರ್ಷದ ಮಗಳ ಹತ್ತಿರ ಹಾರ್ನ್‌ಬಿ ಕಂಪನಿಯ ಪುಟ್ಟ ರೈಲು ಸೆಟ್ ಇದೆ, ಈಗ ಇನ್ನೊಂದು ಎಂಜಿನ್ ಬೇಕಂತೆ. ಹೊಸದರ ಬೆಲೆ ಕೈಗೆಟುಕುವುದಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ಆದರೆ ನೋಡಲು ಒಂದೇ ತರಹ ಇರುವ ಎರಡು ಎಂಜಿನ್ನುಗಳ ಬೆಲೆಯಲ್ಲಿ ಅಜಗಜಾಂತರ. ಯಾವುದನ್ನು ನಂಬಿ ಕೊಳ್ಳುವುದು?

ಉತ್ತರ: ಧೈರ್ಯವಾಗಿ ಕೊಳ್ಳಿ. ಕೊಳ್ಳುವ ಮುಂಚೆ ಅಂಗಡಿಯವರಿಂದ ಒಂದು ಫೋಟೊ ಮಾತ್ರ ತಪ್ಪದೆ ಕೇಳಿ ತರಿಸಿಕೊಳ್ಳಿ: ಎಂಜಿನ್ನನ್ನು ಮಗುಚಿ, ಅಡಿಭಾಗ ಚೆನ್ನಾಗಿ ಕಾಣುವಂತೆ ತೆಗೆದದ್ದು. ಜಾಹೀರಾತಿನಲ್ಲಿ ಹಾಕುವುದು ಬಣ್ಣ ಮಿರುಗುವ ಪಕ್ಕದ ನೋಟ. ಎಂಜಿನ್ ಯಾವ ಜಾತಿಯದು, ಎಷ್ಟು ದುಡಿದಿದೆ, ಇನ್ನೆಷ್ಟು ದಿನ ಬಾಳುತ್ತದೆ ಎಂಬುದೆಲ್ಲ ಬರೆದಿರುವುದು ಅಡಿಯಲ್ಲಿ.

ಮೊದಲು ಜಾತಿಯ ವಿಚಾರ. ನಿಮ್ಮ ಮಗಳದ್ದು ಡಬಲ್ ಓ ಗೇಜ್ ಇರಬೇಕು. ಹಳಿಗಳ ನಡುವೆ 16.5 ಮಿಲಿಮೀಟರ್, ಎಂಜಿನ್ನಿನ ಅಳತೆ ನಿಜವಾದದ್ದರ 76ರಲ್ಲಿ ಒಂದು ಪಾಲು. ಯುರೋಪಿನ ಎಚ್‌ಓ ಎಂಜಿನ್ನುಗಳೂ ಅದೇ ಅಗಲದ ಹಳಿಯ ಮೇಲೆ ಓಡುತ್ತವೆ, ಆದರೆ ಅವು 87ರಲ್ಲಿ ಒಂದು ಪಾಲು, ಪಕ್ಕದಲ್ಲಿ ನಿಲ್ಲಿಸಿದರೆ ಸಣ್ಣಗೆ ಕಾಣುತ್ತವೆ. ಅಗಲ ಹೊಂದಿದ ಮಾತ್ರಕ್ಕೆ ಕರೆಂಟು ಹೊಂದಬೇಕೆಂದಿಲ್ಲ. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೋ ರೈಲುಗಳು ಮೂರು ಹಳಿಯವು, ನಡುವಿನ ಮೂರನೆಯ ಹಳಿಯಿಂದ ಕರೆಂಟು ಎಳೆಯುತ್ತಿದ್ದವು. ಅದೇ ಹೆಸರಿನಲ್ಲಿ ಎರಡು ಹಳಿಯ ಎಂಜಿನ್ನುಗಳು ಬಂದದ್ದು 1959ರಲ್ಲಿ. ಮೂರು ಹಳಿಯದನ್ನು ನಿಮ್ಮ ಹಳಿಯ ಮೇಲಿಟ್ಟರೆ ಅದರ ಗಾಲಿಗಳೇ ಎರಡು ಹಳಿಗಳನ್ನು ಜೋಡಿಸಿ ಶಾರ್ಟ್ ಆಗುತ್ತದೆ. ಜರ್ಮನಿಯ ಮಾರ್ಕ್ಲಿನ್‌ಗೂ ಇದೇ ತೊಡಕು, ಅವರ ಎಚ್‌ಓ ಎಂಜಿನ್ನುಗಳು ನಡುವಿನ ಸಂಪರ್ಕದ ಮೇಲೆ ಓಡುವಂಥವು. ಪಕ್ಕದಿಂದ ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ. ಮಗುಚಿದರೆ ಹೊಟ್ಟೆಯ ನಡುವೆ ಲೋಹದ ಪಟ್ಟಿ ಕಾಣುತ್ತದೆ. ಅದು ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಮುಂದೆ ಗಾಲಿ ನೋಡಿ. ಹಳಿಯ ಮೇಲೆ ಉರುಳುವ ಭಾಗದ ಹೊಳಪು ಸವೆದು ಒಳಗಿನ ಹಳದಿ ಲೋಹ ಕಾಣುತ್ತಿದ್ದರೆ ಬಹಳ ಓಡಿದ ಎಂಜಿನ್ ಅದು. ಕೆಲವು ಗಾಲಿಗಳಿಗೆ ಜಾರದಿರಲೆಂದು ತೆಳು ರಬ್ಬರ್ ಬಳೆ ತೊಡಿಸಿರುತ್ತಾರೆ. ಅದು ಒಣಗಿ ಬಿರಿದಿದ್ದರೆ ಗಾಬರಿ ಬೇಡ, ಹೊಸದು ಅಗ್ಗಕ್ಕೆ ಸಿಗುತ್ತದೆ. ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿದ್ದರೆ ಮಾತ್ರ ಎಂಜಿನ್ ಟಕ್ ಟಕ್ ಎಂದು ತಡವರಿಸಿ ನಿಲ್ಲುತ್ತದೆ, ಬದಲಿ ಸಿಗುತ್ತದೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಸತುವಿನ ರೋಗಕ್ಕೆ. ಎಂಜಿನ್ನಿಗೆ ತೂಕ ಬರಲೆಂದು ಚೌಕಟ್ಟನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ, ಬ್ರಿಟನ್ನಿನಲ್ಲಿ ಅದಕ್ಕೆ ಮಝಾಕ್ ಎನ್ನುತ್ತಾರೆ. ಎರಕದಲ್ಲಿ ಚೂರೇ ಚೂರು ಸೀಸ ಬೆರೆತುಹೋಗಿದ್ದರೂ ಸಾಕು, ಲೋಹದ ಕಣಕಣದ ಸಂದಿನಲ್ಲಿ ಸವಕಳಿ ಹಿಡಿಯುತ್ತದೆ. ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಉಬ್ಬು, ಕೊನೆಗೆ ಒಣರೊಟ್ಟಿಯಂತೆ ಕೈಯಲ್ಲೇ ಪುಡಿ. ಎರಡನೆಯ ಮಹಾಯುದ್ಧಕ್ಕೂ ಮುಂಚಿನ ರೈಲುಗಳಲ್ಲಿ ಇದು ಹೆಚ್ಚು, ಆದರೆ ಹೊಸದೆಂದ ಮಾತ್ರಕ್ಕೆ ಪಾರಾದಂತಲ್ಲ. ಈಚಿನ ದಶಕಗಳಲ್ಲಿ ಚೀನಾದಲ್ಲಿ ತಯಾರಾದ ಕೆಲವು ಎಂಜಿನ್ನುಗಳಿಗೂ ಇದು ತಗಲಿದೆ. ಔಷಧಿಯಿಲ್ಲ, ಅಂಟಿಸಿದರೂ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ ಎಂಬ ನಂಬಿಕೆಯೊಂದಿದೆ, ಅದು ಸುಳ್ಳು. ಆದರೆ ಬಿಸಿ ಮತ್ತು ತೇವ ಈ ಸವಕಳಿಯನ್ನು ಚುರುಕುಗೊಳಿಸುತ್ತವೆ. ಮುಂದೊಂದು ದಿನ ಊರಿಗೆ ಮರಳುವಾಗ ರೈಲುಗಳನ್ನೂ ಒಯ್ಯುವಿರಾದರೆ ಮಂಗಳೂರಿನ ಮಳೆಗಾಲ ನೆನಪಿರಲಿ. ಫೋಟೊದಲ್ಲಿ ಚೌಕಟ್ಟು ಬಾಗಿದಂತೆ ಕಂಡರೆ, ತುದಿಗಳು ಮೇಲಿನ ಕವಚವನ್ನು ಹೊರಕ್ಕೆ ತಳ್ಳಿದಂತಿದ್ದರೆ, ಆ ಎಂಜಿನ್ನನ್ನು ಬಿಟ್ಟುಬಿಡಿ.

ಇನ್ನು ಬೆಲೆ. ಅಜಗಜಾಂತರಕ್ಕೆ ಬಹುಪಾಲು ಕಾರಣ ರಟ್ಟಿನ ಪೆಟ್ಟಿಗೆ. ಸಂಗ್ರಹಕಾರರಿಗೆ ಮೂಲ ಪೆಟ್ಟಿಗೆ, ಒಳಗಿನ ಕಾಗದಪತ್ರ ಎಲ್ಲ ಬೇಕು. ಖಾಲಿ ಪೆಟ್ಟಿಗೆಗಳನ್ನೇ ಬೇರೆಯಾಗಿ ಮಾರುವುದರಿಂದ ಪೆಟ್ಟಿಗೆ ಇದೆಯೆಂದ ಮಾತ್ರಕ್ಕೆ ಒಳಗಿನ ಎಂಜಿನ್ ಅದರದ್ದೇ ಎನ್ನಲಾಗದು. ಆಡುವ ಮಗುವಿಗೆ ಪೆಟ್ಟಿಗೆಯಿಲ್ಲದ, ಬಣ್ಣ ಅಲ್ಲಲ್ಲಿ ಉದುರಿದ, ಆದರೆ ಸಲೀಸಾಗಿ ಓಡುವ ಎಂಜಿನ್ನೇ ಒಳ್ಳೆಯದು. ನನ್ನ ಒಲವು ಬ್ರಿಟನ್ನಿನ ಹಳೆಯ ಟ್ರೈಆಂಗ್ ಕಂಪನಿಯ ಎಂಜಿನ್ನುಗಳ ಕಡೆಗೆ. ಅವುಗಳ ಮೋಟಾರು ಬಿಚ್ಚಬಹುದು, ಕಾರ್ಬನ್ ಬ್ರಷ್ ಬದಲಿಸಬಹುದು, ಹನಿ ಎಣ್ಣೆ ಬಿಡಬಹುದು. ಹತ್ತು ವರ್ಷದ ಹುಡುಗಿ ಅಮ್ಮನೊಂದಿಗೋ ಅಪ್ಪನೊಂದಿಗೋ ಕೂತು ಇದನ್ನೆಲ್ಲ ಕಲಿಯಬಲ್ಲಳು. ಸೂಕ್ಷ್ಮ ಕುಸುರಿಯ ಈಗಿನ ಎಂಜಿನ್ನುಗಳನ್ನು ಮುಟ್ಟಿದರೆ ಹಿಡಿಕೆಯೊಂದು, ಏಣಿಯೊಂದು ಮುರಿದು ಕೈಗೆ ಬರುತ್ತದೆ.

ಅಂಗಡಿಯವರ ಮಾತಿನಲ್ಲಿ ಒಂದು ಸೂಕ್ಷ್ಮ ಗಮನಿಸಿ. ‘ಡಿಸಿಸಿ ರೆಡಿ’ ಎಂದರೆ ಡಿಜಿಟಲ್ ಚಿಪ್ ಕೂರಿಸಲು ಜಾಗವಿದೆ ಎಂದಷ್ಟೇ, ಚಿಪ್ ಇದೆ ಎಂದಲ್ಲ. ಇರುವುದಾದರೆ ‘ಡಿಸಿಸಿ ಫಿಟ್ಟೆಡ್’ ಎನ್ನುತ್ತಾರೆ. ‘ಟೆಸ್ಟೆಡ್’ ಎಂದಿದ್ದರೆ ಎಷ್ಟು ಹೊತ್ತು ಓಡಿಸಿದಿರಿ, ಎರಡೂ ದಿಕ್ಕಿಗೆ ಓಡಿತೇ, ನಿಧಾನವಾಗಿ ಓಡಿತೇ ಎಂದು ಕೇಳಿ. ಒಳ್ಳೆಯ ವ್ಯಾಪಾರಿ ಬೇಸರಿಸದೆ ಉತ್ತರ ಕೊಡುತ್ತಾನೆ.

ಹಳೆಯ ಸೆಟ್ಟಿನ ಜೊತೆ ಬರುವ ಟ್ರಾನ್ಸ್‌ಫಾರ್ಮರನ್ನು ಮಾತ್ರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲೇಬೇಡಿ. ಹಳಿಯ ಮೇಲಿರುವುದು 12 ವೋಲ್ಟ್, ಆದರೆ ಪ್ಲಗ್ಗಿನಿಂದ ಆ ಡಬ್ಬಿಯವರೆಗಿನ ತಂತಿಯಲ್ಲಿರುವುದು ಮನೆಯ ಪೂರ್ತಿ ಕರೆಂಟು, ಅದರ ರಬ್ಬರ್ ಹೊದಿಕೆ ಎಂದೋ ಒಣಗಿ ಬಿರಿದಿರಬಹುದು. ಕಂಟ್ರೋಲರ್ ಹೊಸದನ್ನೇ ಕೊಳ್ಳಿ.

ಹಣ ಉಳಿಸುವ ಆಸೆಯಿಂದ ಖಾಸಗಿಯವರ ಹತ್ತಿರ ಕೊಳ್ಳುವ ಮುಂಚೆ ಕಾನೂನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ವ್ಯಾಪಾರಿಯಿಂದ ಆನ್‌ಲೈನಿನಲ್ಲಿ ಕೊಂಡ ವಸ್ತು, ಸೆಕೆಂಡ್ ಹ್ಯಾಂಡ್ ಆದರೂ, ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆಯೇ ಬೇಡವೆನ್ನಬಹುದು. 2013ರ ನಿಯಮಗಳು ಕೊಟ್ಟ ಹಕ್ಕು ಇದು. ದೋಷವಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ 30 ದಿನ ಸಿಗುತ್ತದೆ. ಖಾಸಗಿಯಾಗಿ ಮಾರುವವರಿಗೆ ಈ ಕಟ್ಟುಪಾಡು ಇಲ್ಲ. ಆದ್ದರಿಂದ ಮೊದಲ ಎಂಜಿನ್ನಿಗೆ ನಾಲ್ಕು ಪೌಂಡ್ ಹೆಚ್ಚಾದರೂ ಅಂಗಡಿಯಿಂದಲೇ ತರಿಸಿ, ಬಂದ ದಿನವೇ ಮಗುಚಿ ನೋಡಿ, ಅಂದೇ ಹಳಿಯ ಮೇಲಿಟ್ಟು ಎರಡೂ ದಿಕ್ಕಿಗೆ ಅರ್ಧ ಗಂಟೆ ಓಡಿಸಿ.